ಮಗುವಿನ ಅಸ್ತಮಾ: ಮೊಬೈಲಿನಲ್ಲಿ ಏನನ್ನು ಬರೆದಿಡಬೇಕು?

ಮೂಡಿಗೆರೆ, ಕೊಪ್ಪದ ಕಡೆ ಮಳೆ ಹಿಡಿಯಿತೆಂದರೆ ಗೋಡೆಗೆಲ್ಲ ಬೂಷ್ಟು, ಬಟ್ಟೆ ಒಣಗಿಸುವ ಒಲೆಯ ಹೊಗೆ. ಅಸ್ತಮಾ ಇರುವ ಮಕ್ಕಳಿಗೆ ರಾತ್ರಿ ಕೆಮ್ಮು ಹೆಚ್ಚುವುದೂ ಆಗಲೇ. ತಿಂಗಳು ಕಳೆದು ಚಿಕ್ಕಮಗಳೂರಿಗೆ ತೋರಿಸಲು ಹೋದಾಗ, 'ವಾರಕ್ಕೆ ಎಷ್ಟು ರಾತ್ರಿ ಎದ್ದ?' ಎಂದು ಡಾಕ್ಟರು ಕೇಳಿದರೆ ಉತ್ತರ ನೆನಪಿರುವುದಿಲ್ಲ. ಆ್ಯಪ್ ಬೇಕಿರುವುದು ಇದಕ್ಕೇ.

ಇಳಿಸಿಕೊಳ್ಳುವ ಮೊದಲು ಡಾಕ್ಟರಿಂದ ಹಸಿರು (ಚೆನ್ನಾಗಿದ್ದಾಗ), ಹಳದಿ (ಹೆಚ್ಚುತ್ತಿರುವಾಗ), ಕೆಂಪು (ತುರ್ತು) ಹಂತಗಳಲ್ಲಿ ಏನು ಮಾಡಬೇಕೆಂಬ ಯೋಜನೆಯನ್ನು ಬರೆಸಿಕೊಳ್ಳಿ. ಅದರ ಫೋಟೋ ಮೊಬೈಲಿನಲ್ಲಿರಲಿ, ಶಾಲೆಯ ಟೀಚರಿಗೂ ಕಳಿಸಿ.

ನೆಟ್‌ವರ್ಕ್ ಇಲ್ಲದಾಗಲೂ ನಡೆಯುವ ಆ್ಯಪ್ ಆರಿಸಿ. ಫೋನಿನಲ್ಲಿರುವ ನಂಬರುಗಳನ್ನೆಲ್ಲ ನೋಡಲು ಅನುಮತಿ ಕೇಳಿದರೆ ಕೊಡಬೇಡಿ. ಮೈಕಿಗೆ ಉಸಿರು ಬಿಟ್ಟರೆ ಶ್ವಾಸಕೋಶ ಅಳೆಯುತ್ತೇನೆ ಎನ್ನುವುದನ್ನು ನೆಚ್ಚಿ ಔಷಧ ಬದಲಿಸಲೇಬೇಡಿ.

ದಿನವೂ ಮೂರು ಸಂಗತಿ ಬರೆದರೆ ಸಾಕು: ರಾತ್ರಿ ಎದ್ದದ್ದು, ಆಟದ ನಡುವೆ ದಮ್ಮು ಬಂದದ್ದು, ತಕ್ಷಣ ಉಪಶಮನ ಕೊಡುವ ಪಂಪ್ (ಇನ್ಹೇಲರ್) ಬಳಸಿದ್ದು. ಆರು ವರ್ಷ ದಾಟಿದ ಮಗುವಿಗೆ ಈ ಪಂಪ್ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾದರೆ ಅಸ್ತಮಾ ಹತೋಟಿಯಲ್ಲಿಲ್ಲ ಎಂದರ್ಥ. ಪಂಪಿನ ಬಣ್ಣ ನೋಡಿ ನಂಬಬೇಡಿ, ಔಷಧದ ಹೆಸರು ಓದಿ.

ಉಸಿರು ಎಷ್ಟು ವೇಗವಾಗಿ ಹೊರಬರುತ್ತದೆ ಎಂದು ಅಳೆಯುವ ಪೀಕ್ ಫ್ಲೋ ಮೀಟರ್ ಇದ್ದರೆ ಮಗುವನ್ನು ನಿಲ್ಲಿಸಿ ಮೂರು ಸಲ ಜೋರಾಗಿ ಊದಿಸಿ, ಅದರಲ್ಲಿ ಹೆಚ್ಚಿನದನ್ನು ಬರೆಯಿರಿ. ಚೆನ್ನಾಗಿದ್ದಾಗಿನ ಗರಿಷ್ಠ ಅಳತೆಯ ಶೇ. 80ಕ್ಕಿಂತ ಮೇಲಿದ್ದರೆ ಹಸಿರು, 50ರಿಂದ 80 ಹಳದಿ, 50ಕ್ಕಿಂತ ಕೆಳಗೆ ಕೆಂಪು. ಐದು ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಇದು ಸರಿಯಾಗಿ ಊದಲು ಬರುವುದಿಲ್ಲ.

ರಿಮೈಂಡರ್ ಇಡಬೇಕಾದದ್ದು ದಿನಾ ಹಾಕುವ ಔಷಧಕ್ಕೆ. ಬಿಟ್ಟರೂ ಆ ದಿನವೇ ತೊಂದರೆ ಕಾಣುವುದಿಲ್ಲ, ಹಾಗಾಗಿ ಮರೆಯುವುದೂ ಅದನ್ನೇ.

ನನ್ನ ಪ್ರಕಾರ ಆ್ಯಪಿಗಿಂತಲೂ ಉಪಯೋಗದ್ದು ಕ್ಯಾಮೆರಾ. ಮಗು ಪಂಪಿಗೆ ಜೋಡಿಸುವ ಕೊಳವೆಯಾದ ಸ್ಪೇಸರ್‌ನಲ್ಲಿ ಔಷಧ ಎಳೆದುಕೊಳ್ಳುವುದನ್ನು ವಿಡಿಯೊ ಮಾಡಿ ಡಾಕ್ಟರಿಗೆ ತೋರಿಸಿ. ಪಂಪ್ ಅಲ್ಲಾಡಿಸಿದ್ದು, ಒಂದೊಂದೇ ಪಫ್ ಕೊಟ್ಟದ್ದು, ನಂತರ ಐದಾರು ಉಸಿರು ಎಳೆದದ್ದು, ಸ್ಟೀರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಿದ್ದು ಎಲ್ಲ ಅದರಲ್ಲಿ ಕಾಣಬೇಕು. ಔಷಧ ಸರಿಯಿದ್ದೂ ಎಳೆದುಕೊಳ್ಳುವ ಕ್ರಮ ತಪ್ಪಿದರೆ ಉಬ್ಬಸ ನಿಲ್ಲದು.

ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆದರೆ, ಮಾತು ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ ಆ್ಯಪ್ ಬದಿಗಿಟ್ಟು 108ಕ್ಕೆ ಕರೆ ಮಾಡಿ. ತೋಟದ ದಾರಿಯಲ್ಲಿ ಆಂಬುಲೆನ್ಸ್ ತಡವಾಗಬಹುದು. ಅಲ್ಲಿಯವರೆಗೆ ಮಗುವನ್ನು ನೆಟ್ಟಗೆ ಕೂರಿಸಿ, ಯೋಜನೆಯಲ್ಲಿ ಬರೆದಷ್ಟು ಪಫ್ ಸ್ಪೇಸರ್ ಮೂಲಕ ಕೊಡುತ್ತಿರಿ.