ಗೇರುಸೊಪ್ಪೆಯ ಕೆಳಗೆ ಬಸವನಹುಳು ಎಣಿಸುವ ಬಗೆ

ಪ್ರಾಣಿಶಾಸ್ತ್ರದ ಮಕ್ಕಳನ್ನು ಬಸವನಹುಳು ಎಣಿಸಲು ಶರಾವತಿಗೆ ಕರೆದೊಯ್ಯುವಾಗ ನಾನು ಮೊದಲು ಊರವರನ್ನು ಕೇಳುವುದು, ಇವತ್ತು ನೀರು ಯಾವಾಗ ಬಿಡುತ್ತಾರೆ ಅಂತ. ಗೇರುಸೊಪ್ಪೆಯ ಅಣೆಕಟ್ಟಿನಲ್ಲಿ 60 ಮೆಗಾವಾಟಿನ ನಾಲ್ಕು ವಿದ್ಯುತ್ ಘಟಕಗಳಿವೆ. ಅವು ಓಡಿದ ಹಾಗೆ ಹೊಳೆ ಏರುತ್ತದೆ, ನಿಂತರೆ ಇಳಿಯುತ್ತದೆ. ಸುಡುಬಿಸಿಲಲ್ಲೂ ನೀರು ನುಗ್ಗೀತು. ಹಾಗಾಗಿ ಒಬ್ಬ ದಡದಲ್ಲೇ ನಿಂತು ನೀರಿನ ಮಟ್ಟ ಕಾಯಬೇಕು. ಸೈರನ್ ಆಯಿತೋ, ಸಾಮಾನು ಬಿಟ್ಟು ಮೇಲೆ ಹತ್ತಿ. ಮಳೆಗಾಲದಲ್ಲಿ ಹೋಗುವುದೇ ಬೇಡ, ದೀಪಾವಳಿ ಕಳೆಯಲಿ.

ಸಾಮಾನು ಹೆಚ್ಚೇನಿಲ್ಲ: ಅರ್ಧ ಮೀಟರ್ ಉದ್ದಗಲದ ತಂತಿಯ ಚೌಕಟ್ಟು, ಬಿಳಿ ತಟ್ಟೆ, ಹಳೆಯ ಟೂತ್‌ಬ್ರಷ್, ಭೂತಕನ್ನಡಿ, ಪೆನ್ಸಿಲ್. ಪೆನ್ನಿನ ಶಾಯಿ ನೀರು ತಾಗಿದರೆ ಹರಡುತ್ತದೆ.

ಚೌಕಟ್ಟನ್ನು ಹುಳು ಕಂಡಲ್ಲಿ ಇಡುವ ಚಪಲ ಎಲ್ಲರಿಗೂ ಇರುತ್ತದೆ. ಹಗ್ಗ ಎಳೆದು, ಇಷ್ಟಿಷ್ಟು ದೂರಕ್ಕೆ ಒಂದು ಅಂತ ಇಡಿ. ಚೌಕಟ್ಟಿನೊಳಗಿನ ಹುಳು ಎಣಿಸಿ, ಏನೂ ಸಿಗದಿದ್ದರೆ ಸೊನ್ನೆ ಬರೆಯಿರಿ, ಆ ಸೊನ್ನೆಗೂ ಬೆಲೆಯಿದೆ. ಮುಖ್ಯವಾಗಿ ದಿನಾ ನೆನೆದು ಒಣಗುವ ದಡದ ಪಟ್ಟಿ ಯಾವುದು, ಸದಾ ನೀರಲ್ಲಿರುವುದು ಯಾವುದು ಎಂದು ಬೇರೆ ಬೇರೆ ದಾಖಲಿಸಿ. ಅಣೆಕಟ್ಟಿನ ಪ್ರಭಾವವನ್ನು ಹುಡುಕಬೇಕಾದದ್ದು ಆ ನೆನೆದು ಒಣಗುವ ಪಟ್ಟಿಯಲ್ಲೇ. ಹೋಲಿಸಲು ಅಣೆಕಟ್ಟಿಲ್ಲದ ಪಕ್ಕದ ಹಳ್ಳವೊಂದರಲ್ಲೂ ಇದೇ ರೀತಿ ಎಣಿಸಿ. ಅದಿಲ್ಲದ ಲೆಕ್ಕವನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೊನ್ನಾವರದ ಕಡೆಗೆ ತೀರಾ ಇಳಿಯಬೇಡಿ, ಉಪ್ಪುನೀರು ಸೇರಿದರೆ ಹುಳುಗಳೇ ಬೇರೆ.

ಈಗ ಕಲ್ಲನ್ನು ಮಗುಚಿ. ಘಟ್ಟದ ಹರಿಯುವ ಹೊಳೆಗಳಲ್ಲಿ ಬಂಡೆಗೆ ಅಂಟಿಕೊಂಡಿರುವ ಗುಂಡನೆಯ ಕಪ್ಪು ಹುಳು ಪಾಲುಡೋಮಸ್. ಚಿಪ್ಪಿನ ತುದಿ ಸವೆದು ಬೆಳ್ಳಗಾಗಿದ್ದರೆ ಗಾಬರಿ ಬೇಡ, ಸುಣ್ಣದಂಶ ಕಡಿಮೆಯಿರುವ ನೀರಿನಲ್ಲಿ ಹಾಗಾಗುತ್ತದೆ. ಬೆರಳು ತಾಗಿಸಿದರೆ ಒಳಗೆಳೆದುಕೊಂಡು ಬಾಯಿಗೆ ಮುಚ್ಚಳ ಹಾಕಿಕೊಳ್ಳುತ್ತದೆ. ಮರಳಲ್ಲಿ ಸಿಗುವ ಉದ್ದನೆಯ ಮೆಲನಾಯ್ಡಿಸ್‌ಗೂ ಮುಚ್ಚಳವಿದೆ. ಇವೆರಡೂ ಕಿವಿರಿನಿಂದ ಉಸಿರಾಡುತ್ತವೆ. ನಿಂತ ನೀರಿನ ಕಳೆಯಲ್ಲಿ ಸಿಗುವ ತೆಳುಚಿಪ್ಪಿನ ಲಿಮ್ನಿಯಾಗೂ ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿಕೊಂಡ ಇಂಡೋಪ್ಲಾನಾರ್ಬಿಸ್‌ಗೂ ಮುಚ್ಚಳವಿಲ್ಲ. ಅವು ಮೇಲೆ ಬಂದು ಗಾಳಿ ಎಳೆಯುತ್ತವೆ. ಹೆಸರು ಗೊತ್ತಾಗದಿದ್ದರೂ ಮುಚ್ಚಳ ಇದೆಯೋ ಇಲ್ಲವೋ ಎಂದು ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಇಂಡೋಪ್ಲಾನಾರ್ಬಿಸ್ ಹೆಚ್ಚಿದ್ದಲ್ಲಿ ದನ ನೀರು ಕುಡಿಯುತ್ತವೆಯೇ ಎಂದೂ ಬರೆಯಿರಿ. ದನಗಳಿಗೆ ಗೊರಕೆ ರೋಗ ತರುವ ಪರೋಪಜೀವಿ ಹುಳು ಬೆಳೆಯುವುದು ಇದರ ಮೈಯೊಳಗೆ. ಅಂಥ ನೀರಿಗೆ ಬರಿಗಾಲಲ್ಲಿ ಇಳಿದರೆ ನಮಗೂ ತುರಿಕೆ, ಗಂಬೂಟು ಹಾಕಿ.

ಖಾಲಿ ಚಿಪ್ಪನ್ನು ಎಣಿಕೆಗೆ ಸೇರಿಸಬೇಡಿ, ಪ್ರವಾಹ ಅದನ್ನು ಎಲ್ಲಿಂದ ತಂದಿದೆಯೋ. ಜೀವಂತ ಹುಳುವನ್ನು ಅಳತೆಪಟ್ಟಿಯ ಪಕ್ಕ ಇಟ್ಟು ಫೋಟೋ ತೆಗೆದು, ಸಿಕ್ಕ ಕಲ್ಲಿಗೇ ವಾಪಸ್ ಬಿಡಿ. ಮಗುಚಿದ ಕಲ್ಲನ್ನೂ ಮೊದಲಿದ್ದ ಹಾಗೆಯೇ ಇಡಿ, ಅದರಡಿ ಮೊಟ್ಟೆ ಇದ್ದೀತು.