ಗಂಟೆಗೊಮ್ಮೆ ಮಾಯವಾಗುತ್ತಿದ್ದ ಎಸ್‌ಎಸ್‌ಡಿ

ಬಸವನಗುಡಿಯ ನಮ್ಮ ಮನೆಯಲ್ಲಿ ಹಗಲೂ ರಾತ್ರಿ ಚಾಲೂ ಇರುತ್ತಿದ್ದ ಕಂಪ್ಯೂಟರ್, ಏಳು ತಿಂಗಳು ತಕರಾರಿಲ್ಲದೆ ನಡೆದು, ಒಂದು ಬೆಳಿಗ್ಗೆ ನೀಲಿ ಪರದೆ ತೋರಿಸಿ ನಿಂತಿತು. ಪುನಃ ಚಾಲೂ ಮಾಡಿದರೆ ಸರಿಯಾಗಿ ಒಂದು ಗಂಟೆ ಕೆಲಸ ಮಾಡಿ ಮತ್ತೆ ನಿಲ್ಲುತ್ತಿತ್ತು. ಎಸ್.ಪಿ. ರಸ್ತೆಯ ಅಂಗಡಿಯವರು ಎಸ್‌ಎಸ್‌ಡಿ, ಅಂದರೆ ಕಡತಗಳನ್ನೆಲ್ಲ ಚಿಪ್ಪುಗಳಲ್ಲಿ ಇಟ್ಟುಕೊಳ್ಳುವ ಡ್ರೈವ್, ಸತ್ತಿದೆ, ಹೊಸದನ್ನು ಕೊಳ್ಳಿ ಎಂದರು. ಸತ್ತದ್ದು ಹೀಗೆ ಗಡಿಯಾರ ನೋಡಿಕೊಂಡು ಸಾಯುತ್ತದೆಯೇ ಎಂಬ ಅನುಮಾನ ನನಗೆ ಉಳಿಯಿತು.

ಸ್ಮಾರ್ಟ್‌ಸಿಟಿಎಲ್ ಎಂಬ ತಂತ್ರಾಂಶ ಬಳಸಿ ಡ್ರೈವಿನ ಸ್ಮಾರ್ಟ್ ಮಾಹಿತಿಯನ್ನು, ಅಂದರೆ ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆಯನ್ನು, ಓದಿದಾಗ ಕೆಟ್ಟ ಬ್ಲಾಕುಗಳ (ಕೆಲಸಕ್ಕೆ ಬಾರದಂತಾದ ಭಾಗಗಳ) ಸಂಖ್ಯೆ ಸೊನ್ನೆಯಾಗಿತ್ತು. ಆದರೆ ಚಾಲನೆಯ ಒಟ್ಟು ಅವಧಿ 5,184 ಗಂಟೆಗಳನ್ನು, ಅಂದರೆ 216 ದಿನಗಳನ್ನು, ಆಗತಾನೆ ದಾಟಿತ್ತು. ತಯಾರಕರ ಫರ್ಮ್‌ವೇರ್ (ಡ್ರೈವನ್ನು ಒಳಗಿನಿಂದ ನಡೆಸುವ ತಂತ್ರಾಂಶ) ಟಿಪ್ಪಣಿಯಲ್ಲಿ ಇದೇ ದೋಷ ದಾಖಲಾಗಿತ್ತು: ಗಂಟೆಗಳ ಎಣಿಕೆ ಆ ಮಿತಿಯನ್ನು ಮುಟ್ಟಿದ ಮೇಲೆ ಡ್ರೈವ್ ಗಂಟೆಗೊಮ್ಮೆ ಉತ್ತರಿಸುವುದನ್ನೇ ನಿಲ್ಲಿಸುತ್ತದೆ, ಒಳಗಿನ ದತ್ತಾಂಶಕ್ಕೆ ಮಾತ್ರ ಹಾನಿಯಾಗುವುದಿಲ್ಲ.

ಹಾಗಿದ್ದರೂ ನಂಬಿ ಕೂರದೆ, ಸಿಕ್ಕ ಒಂದೊಂದು ಗಂಟೆಯಲ್ಲೂ ಸ್ವಲ್ಪಸ್ವಲ್ಪವಾಗಿ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡೆ. ಇದಕ್ಕೇ ಎರಡು ಸಂಜೆ ಹಿಡಿಯಿತು. ಅನಂತರ ಈ ದೋಷವನ್ನು ತಿದ್ದಿದ ಹೊಸ ಫರ್ಮ್‌ವೇರನ್ನು ಪೆನ್‌ಡ್ರೈವಿಗೆ ಬರೆದು, ಎಸ್‌ಎಸ್‌ಡಿಯನ್ನು ಯುಎಸ್‌ಬಿ ಪೆಟ್ಟಿಗೆಯ ಮೂಲಕವಲ್ಲದೆ ನೇರವಾಗಿ ಮದರ್‌ಬೋರ್ಡಿನ ಸಾಟಾ ಪೋರ್ಟಿಗೆ (ಡ್ರೈವುಗಳನ್ನು ಸಿಕ್ಕಿಸುವ ಕಿಂಡಿಗೆ) ಜೋಡಿಸಿ, ಪೆನ್‌ಡ್ರೈವಿನಿಂದಲೇ ಬೂಟ್ ಮಾಡಿದೆ. ನಡುವೆ ಕರೆಂಟ್ ಹೋದರೆ ಡ್ರೈವ್ ನಿಜವಾಗಿಯೇ ಸಾಯಬಹುದಾದ್ದರಿಂದ, ನಮ್ಮ ಬೀದಿಯ ಕರೆಂಟನ್ನು ಬಲ್ಲ ನಾನು ಯುಪಿಎಸ್ ತುಂಬಿದ ಮೇಲೆಯೇ ಮುಂದುವರಿದೆ. ಕೆಲಸ ಎರಡೇ ನಿಮಿಷದಲ್ಲಿ ಮುಗಿಯಿತು. ಕಡತಗಳೆಲ್ಲ ಇದ್ದಲ್ಲಿಯೇ ಇದ್ದವು, ಮತ್ತು ಅಂದಿನಿಂದ ಆ ನೀಲಿ ಪರದೆ ಬಂದಿಲ್ಲ.