ಮೂರು ವಿಷ, ಒಂದು ಸಂಧಿ: ನ್ಯೂರಾಲಜಿ ರೆಸಿಡೆಂಟರಿಗೆ ನಾನು ಪಾಠ ಮಾಡುವ ಬಗೆ

ನರ ಮತ್ತು ಸ್ನಾಯು ಕೂಡುವ ಸಂಧಿಯ ಪಾಠವನ್ನು ನಾನು ಸ್ಲೈಡುಗಳಿಂದ ಶುರು ಮಾಡುವುದಿಲ್ಲ. ಹುಬ್ಬಳ್ಳಿಯ ವಾರ್ಡಿಗೆ ಗದಗ, ಹಾವೇರಿ ಕಡೆಯ ಹೊಲಗಳಿಂದ ನಾಗರಹಾವು ಕಚ್ಚಿದವರು, ಕಟ್ಟುಹಾವು ಕಚ್ಚಿದವರು, ಬೆಳೆಗೆ ‘ಎಣ್ಣಿ’ ಹೊಡೆಯುವಾಗ ಆರ್ಗನೋಫಾಸ್ಫೇಟ್ ಮೈಗೇರಿದವರು ಬರುತ್ತಾರೆ. (ಬೇರೆ ಸೀಮೆಯ ರೆಸಿಡೆಂಟರಿಗೆ ‘ಎಣ್ಣಿ’ ಅಂದರೆ ಕೀಟನಾಶಕ ಎಂದು ಮೊದಲೇ ಹೇಳಿಬಿಡಬೇಕು.) ಮೂವರಲ್ಲೂ ಸ್ನಾಯು ಸೋಲುತ್ತದೆ, ಉಸಿರು ಸೋಲುತ್ತದೆ. ಕೆಡುವ ಜಾಗ ಬೇರೆ ಬೇರೆ.

ಒಂದು ಸಲಕ್ಕೆ ನಾಲ್ಕೇ ಜನ, 40 ನಿಮಿಷ, ಒಂದು ಕಪ್ಪುಹಲಗೆ. ನರತುದಿ, ನಡುವಿನ ಸೀಳು, ಸ್ನಾಯುಪೊರೆ ಬರೆದು ಚಾಕ್‌ಪೀಸ್ ಅವರ ಕೈಗೆ ಕೊಡುತ್ತೇನೆ. ವಿಷ ಎಲ್ಲಿ ಕೂತಿದೆ ಎಂದು ಅವರೇ ಗುರುತು ಹಾಕಬೇಕು. ನಾಗರದ ವಿಷ ಸ್ನಾಯುಪೊರೆಯ ಗ್ರಾಹಕಕ್ಕೆ ಅಂಟುತ್ತದೆ; ನರತುದಿ ಬಿಡುವ ಸಂದೇಶವಾಹಕ ಅಸಿಟೈಲ್‌ಕೋಲಿನ್ ಹೆಚ್ಚಿಸಿದರೆ ಪೈಪೋಟಿ ಕೊಡಬಹುದು. ಅದಕ್ಕೇ ಅಲ್ಲಿ ಅದನ್ನು ಒಡೆಯಗೊಡದ ನಿಯೋಸ್ಟಿಗ್ಮಿನ್, ಜೊತೆಗೆ ಅದರ ಅಡ್ಡಪರಿಣಾಮ ತಡೆಯಲು ಅಟ್ರೋಪಿನ್. ಕಟ್ಟುಹಾವಿನ ಬೀಟಾ ಬಂಗರೋಟಾಕ್ಸಿನ್ ನರತುದಿಯನ್ನೇ ಹಾಳು ಮಾಡುತ್ತದೆ. ಬಿಡುಗಡೆಯೇ ಆಗದ ಕಡೆ ನಿಯೋಸ್ಟಿಗ್ಮಿನ್ ಏನನ್ನು ಉಳಿಸೀತು? ತುದಿ ಮತ್ತೆ ಬೆಳೆಯುವ ತನಕ ವೆಂಟಿಲೇಟರ್ ಬೇಕಾಗಬಹುದು.

ಎಲ್ಲರೂ ಎಡವುವುದು ಎಣ್ಣಿಯಲ್ಲಿ. ಅದೂ ನಿಯೋಸ್ಟಿಗ್ಮಿನ್ ಹಾಗೆಯೇ ಅಸಿಟೈಲ್‌ಕೋಲಿನ್ ಒಡೆಯಗೊಡುವುದಿಲ್ಲ. “ಅಸಿಟೈಲ್‌ಕೋಲಿನ್ ಹೆಚ್ಚಾಗ್ಯದ, ಮತ್ತ ಸ್ನಾಯು ಸೋತದ್ದು ಯಾಕ್ರೀ?” ಡಿಪೋಲರೈಸೇಶನ್ (ಪೊರೆಯ ಒಳಗಿನ ಋಣ ವೋಲ್ಟೇಜ್ ತಗ್ಗುವುದು) ಅಂದರೆ ಉದ್ರೇಕ ಎಂದು ಬಾಯಿಪಾಠ ಮಾಡಿದ್ದರ ಫಲ ಇದು. ಇಲ್ಲಿ ಅವಸರ ಮಾಡಬಾರದು. ಪೊರೆಯಲ್ಲಿ ಸೋಡಿಯಂ ಒಳಬರುವ ದಾರಿಗೆ, ಅಂದರೆ ಸೋಡಿಯಂ ಚಾನೆಲ್ಲಿಗೆ, ಎರಡು ಬಾಗಿಲು ಬರೆಯುತ್ತೇನೆ. ಪೊರೆ ಡಿಪೋಲರೈಸ್ ಆದಾಗ ಒಂದು ತೆರೆಯುತ್ತದೆ, ಕ್ಷಣದಲ್ಲೇ ಇನ್ನೊಂದು ಮುಚ್ಚುತ್ತದೆ. ಮುಚ್ಚಿದ್ದು ಮತ್ತೆ ತೆರೆಯಲು ಪೊರೆ ಮೈನಸ್ 90 ಮಿಲಿವೋಲ್ಟಿನ ಆಸುಪಾಸಿಗೆ ಮರಳಬೇಕು. ಎಣ್ಣಿ ಅದನ್ನು ಮರಳಗೊಡುವುದಿಲ್ಲ. ಆಮೇಲೆ ಪೊಟ್ಯಾಸಿಯಂ ಲೆಕ್ಕವನ್ನು ಕೈಯಲ್ಲೇ ಮಾಡಿಸುತ್ತೇನೆ: ಒಳಗೆ 140, ಹೊರಗೆ 4 ಮಿಲಿಮೋಲ್ ಇದ್ದರೆ ಪೊರೆಯ ವೋಲ್ಟೇಜ್ ಲೆಕ್ಕ ಹಾಕುವ ನೆರ್ನ್ಸ್ಟ್ ಸೂತ್ರದಿಂದ ಮೈನಸ್ 94, ಹೊರಗೆ 8 ಆದರೆ ಮೈನಸ್ 76. ರಕ್ತದಲ್ಲಿ ಪೊಟ್ಯಾಸಿಯಂ ಏರುವ ಹೈಪರ್‌ಕಲೀಮಿಯಾದಲ್ಲೂ ಸ್ನಾಯು ಯಾಕೆ ಸೋಲುತ್ತದೆ ಎಂಬುದು ಆಗ ತಾನಾಗಿ ಹೊಳೆಯುತ್ತದೆ.

ನಂತರ ನರಕ್ಕೆ ವಿದ್ಯುತ್ ಪ್ರಚೋದನೆ ಕೊಟ್ಟು ಸ್ನಾಯುವಿನ ಅಲೆ ದಾಖಲಿಸುವ ಯಂತ್ರದ ಹತ್ತಿರ. ಕಿರುಬೆರಳ ಬುಡದ ಸ್ನಾಯುವಿನ ಮೇಲೆ ಎಲೆಕ್ಟ್ರೋಡ್, ಮಣಿಕಟ್ಟಿನಲ್ಲಿ ಅಲ್ನಾರ್ ನರಕ್ಕೆ 3 ಹರ್ಟ್ಸ್‌ನಲ್ಲಿ 10 ಪ್ರಚೋದನೆ. ಗುಂಡಿ ಒತ್ತುವ ಮೊದಲು ಪ್ರತಿಯೊಬ್ಬರೂ ಬರಲಿರುವ ಅಲೆಗಳನ್ನು ಕಾಗದದ ಮೇಲೆ ಬರೆಯಬೇಕು. ಇದೊಂದನ್ನು ನಾನು ಬಿಡುವುದೇ ಇಲ್ಲ. ದೇಹದ ಪ್ರತಿಕಾಯಗಳೇ ಈ ಸಂಧಿಯ ಮೇಲೆ ದಾಳಿ ಮಾಡುವ ಮಯಾಸ್ತೀನಿಯಾ ರೋಗದಲ್ಲಿ ನಾಲ್ಕನೆಯ ಅಲೆ ಮೊದಲನೆಯದಕ್ಕಿಂತ ಶೇ. 10ಕ್ಕೂ ಹೆಚ್ಚು ಕುಗ್ಗುತ್ತದೆ. ಎಣ್ಣಿಯಲ್ಲಿ ಒಂದೇ ಪ್ರಚೋದನೆಗೆ ಎರಡನೆಯ ಸಣ್ಣ ಅಲೆ ಕಾಣಬಹುದು. ಐಸಿಯುನ ಎಸಿಯಲ್ಲಿ ಕೈ ತಣ್ಣಗಿದ್ದರೆ ಕುಗ್ಗುವಿಕೆ ಮರೆಯಾಗುತ್ತದೆ. ಚರ್ಮ 32 ಡಿಗ್ರಿಗಿಂತ ಕೆಳಗಿದ್ದರೆ ಮೊದಲು ಬೆಚ್ಚಗೆ ಮಾಡಿ. ಕೈ ಅಲುಗಾಡಿದರೆ ಸುಳ್ಳು ಕುಗ್ಗುವಿಕೆ ಬರುತ್ತದೆ, ಅಲೆಗಳು ಅಡ್ಡಾದಿಡ್ಡಿಯಾಗಿರುತ್ತವೆ. ಪಟ್ಟಿ ಕಟ್ಟಿ ಮತ್ತೆ ಮಾಡಿ.

ಎಣ್ಣಿಯ ರೋಗಿ ಮೊದಲ ದಿನ ಸುಧಾರಿಸಿದಂತೆ ಕಂಡರೂ 24ರಿಂದ 96 ಗಂಟೆಯೊಳಗೆ ಉಸಿರಿನ ಸ್ನಾಯುಗಳು ಸೋಲಬಹುದು. ಕತ್ತು ಮೊದಲೇ ಸುಳಿವು ಕೊಡುತ್ತದೆ. ಆದ್ದರಿಂದ ಪಾಠ ಮುಗಿದ ಮೇಲೂ ರೆಸಿಡೆಂಟರು ಪಾಳಿ ಹಚ್ಚಿಕೊಂಡು, “ದಿಂಬಿನ ಮ್ಯಾಲಿಂದ ತಲಿ ಎತ್ರಿ” ಎಂದು ಹೇಳಿ, ಎಷ್ಟು ಸೆಕೆಂಡು ಎತ್ತಿ ಹಿಡಿದರೆಂದು ಚಾರ್ಟಿನಲ್ಲಿ ಬರೆಯಬೇಕು.